ಸೊಪ್ಪಿನ ಬಸ್ಸು ಓಡಿದ ವರ್ಷ

ಕಳೆದ ತಿಂಗಳು ನನ್ನ ತಂಗಿ ಹುಣಸೂರು ರಸ್ತೆ ಕಡೆಯ ಬಡಾವಣೆಯೊಂದರಲ್ಲಿ ಹೊಸ ಮನೆಗೆ ಬಂದಳು. ಹಾಲುಕ್ಕಿಸಿದ ಮರುದಿನ ಭಾನುವಾರ. ಉಳಿದುಕೊಂಡಿದ್ದ ನೆಂಟರಿಗೆ ಬೆಳಗಿನ ತಿಂಡಿಗೆ ಅಕ್ಕಿರೊಟ್ಟಿ ಮಾಡೋಣವೆಂದರೆ ಮನೆಯಲ್ಲಿ ಸೊಪ್ಪಿಲ್ಲ. "ಫೋನಲ್ಲಿ ಒತ್ತಿದ್ರೆ ಬಾಗಿಲಿಗೇ ಬರುತ್ತೆ ದೊಡ್ಡಮ್ಮ, ನೀವ್ಯಾಕೆ ಹೋಗ್ತೀರಿ" ಎಂದು ತಂಗಿಯ ಮಗಳು ಹೇಳುತ್ತಲೇ ಇದ್ದಳು. ನಾನು ಬಟ್ಟೆಚೀಲ ಹಿಡಿದು ಹೊರಟೆ.

ಎರಡು ತಿರುವು ದಾಟಿದರೆ ಪಾರ್ಕಿನ ಪಕ್ಕದಲ್ಲಿ 'ರೈತರ ಸಂತೆ' ಎಂದು ಬ್ಯಾನರು. ತಗಡಿನ ಚಾವಣಿ, ಕೆಳಗೆ ಸಾಲು ಮೇಜುಗಳು, ಮೇಜಿಗೆಲ್ಲ ಒಂದೇ ಬಣ್ಣದ ಹಸಿರು ಬಟ್ಟೆ. ಪ್ರತಿ ಮೇಜಿನ ಮೇಲೂ ಸ್ಕ್ಯಾನ್ ಮಾಡಿ ದುಡ್ಡು ಕಳಿಸುವ ಫಲಕ. ಕೊಳ್ಳುವವರು ಫೋನು ಚಾಚುತ್ತಿದ್ದರು, ಫಲಕದ ಪಕ್ಕದ ಪೆಟ್ಟಿಗೆ ಹೆಂಗಸಿನ ದನಿಯಲ್ಲಿ ಬಂದ ಹಣವನ್ನು ಸಾರುತ್ತಿತ್ತು. ಮಾರುವವರು ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ. ಈ ಸಂತೆ ಎಷ್ಟು ಮೌನವಾಗಿದೆಯಲ್ಲ ಎಂದುಕೊಂಡು ನಡೆಯುತ್ತಿದ್ದೆ. ಕೊನೆಯ ಮೇಜಿನ ಹುಡುಗಿಯೊಬ್ಬಳು ಒದ್ದೆ ಗೋಣಿತಾಟು ಸರಿಸಿ, ಸಬ್ಬಸಿಗೆ ಕಟ್ಟುಗಳನ್ನೆತ್ತಿ ನೀರು ಕೊಡವಿದಳು.

ಸಬ್ಬಸಿಗೆಯ ವಾಸನೆ ಬಂದರೆ ಎಲ್ಲರಿಗೂ ಅಕ್ಕಿರೊಟ್ಟಿ ನೆನಪಾಗುತ್ತದೆ, ಇಲ್ಲವೇ ಉಪ್ಪಿಟ್ಟು. ನನಗೆ ಬಸ್ಸು ನೆನಪಾಗುತ್ತದೆ. ಡೀಸೆಲ್ ಹೊಗೆ, ಮಳೆಯಲ್ಲಿ ನೆನೆದ ಸೀಟಿನ ರೆಕ್ಸಿನ್, ಒದ್ದೆ ಸೀರೆಗಳ ನಡುವೆ ಮಂಕರಿಗಟ್ಟಲೆ ಸಬ್ಬಸಿಗೆ. ಅಲ್ಲಿ ನಿಂತಲ್ಲಿಯೇ ನಾನು ಮತ್ತೆ ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡ ಹುಡುಗಿಯಾಗಿಬಿಟ್ಟೆ.

ಆ ವರ್ಷ ನನಗೆ ಬಸ್ ಕಂಡಕ್ಟರ್ ಕೆಲಸ ಸಿಕ್ಕಿತ್ತು. ಹೆಂಗಸರು ಆ ಕೆಲಸಕ್ಕೆ ಆಗತಾನೆ ಬರತೊಡಗಿದ್ದ ಕಾಲ. ವಿದ್ಯಾರಣ್ಯಪುರಂನಲ್ಲಿ ನಮ್ಮದು ಹಿಟ್ಟಿನ ಗಿರಣಿಯ ಮನೆ. "ನಾಳೆ ಗಂಡಿನ ಕಡೆಯವರು ಕೇಳಿದ್ರೆ ಏನಂತ ಹೇಳ್ಲಿ? ನಮ್ಮ ಹುಡುಗಿ ಬಸ್ಸಿಗೆ ನೇತಾಡ್ಕೊಂಡು ವಿಷಲ್ ಊದ್ತಾಳೆ ಅಂತಲಾ?" ಎಂದು ಅಮ್ಮ ಮೂರು ಹೊತ್ತೂ ಗೊಣಗುತ್ತಿದ್ದಳು. ಅಪ್ಪ ಹೆಚ್ಚು ಮಾತಿನವರಲ್ಲ. ಬೆಳಕು ಹರಿಯುವ ಮುಂಚೆ ಎದ್ದು, ಮೈಮೇಲಿನ ಹಿಟ್ಟಿನ ಧೂಳು ಹೋಗುವಂತೆ ಮುಖ ತೊಳೆದುಕೊಂಡು, ಸ್ಕೂಟರಿನಲ್ಲಿ ನನ್ನನ್ನು ಡಿಪೊಗೆ ಬಿಟ್ಟು ಬರುತ್ತಿದ್ದರು. ಅದೇ ಅವರ ಒಪ್ಪಿಗೆ.

ನನಗೆ ಸಿಕ್ಕಿದ್ದು ಇಲವಾಲದಿಂದ ಒಳಕ್ಕೆ ಹೋಗುವ ಒಂದು ಕೊಪ್ಪಲಿನ ಮೊದಲ ಟ್ರಿಪ್ಪು. ಖಾಲಿ ಬಸ್ಸು ಕತ್ತಲಲ್ಲೇ ಹೋಗಿ ಅಲ್ಲಿನ ಅರಳಿಕಟ್ಟೆ ಸುತ್ತಿಕೊಂಡು ತಿರುಗಬೇಕು, ಅಲ್ಲಿಂದ ಜನ ಹತ್ತಿಸಿಕೊಂಡು ಮೈಸೂರಿಗೆ ಬರಬೇಕು. ಡಿಪೊದಲ್ಲಿ ಅದಕ್ಕೆ ಸೊಪ್ಪಿನ ಬಸ್ಸು ಎಂದೇ ಹೆಸರು. ಯಾರೂ ಕೇಳಿ ಪಡೆಯುವ ರೂಟಲ್ಲ. ಕೊಪ್ಪಲಿನ ಹೆಂಗಸರು ದೊಡ್ಡ ಮಾರ್ಕೆಟ್ಟಿಗೆ ಸೊಪ್ಪು ತರಕಾರಿ ಒಯ್ಯುವುದು ಆ ಬಸ್ಸಿನಲ್ಲೇ. ಬಿದಿರಿನ ಮಂಕರಿಗಳು ಬಸ್ಸಿನ ಟಾಪಿನ ಮೇಲೆ, ಸೀಟಿನ ಕೆಳಗೆ, ಬಾಗಿಲ ಬಳಿ. ನನಗೆ ಕಾಲಿಡಲು ಜಾಗ ಸಿಕ್ಕಿದರೆ ನನ್ನ ಪುಣ್ಯ. ಟಿಕೆಟ್ ಹರಿಯಲು ಹಿಂದಿನಿಂದ ಮುಂದಕ್ಕೆ ಬರುವಷ್ಟರಲ್ಲಿ ನನ್ನ ಯೂನಿಫಾರಂ ಅಂಚಿಗೆಲ್ಲ ಕೊತ್ತಂಬರಿ ಬೇರಿನ ಕೆಸರು.

ಡ್ರೈವರ್ ನಂಜುಂಡಣ್ಣ ರಿಟೈರ್ ಆಗುವುದಕ್ಕೆ ಹತ್ತಿರವಿದ್ದವರು, ನಂಜನಗೂಡಿನ ಕಡೆಯವರು. ಮೊದಲ ದಿನವೇ ಹೇಳಿದರು: "ಶೈಲಮ್ಮ, ಈ ಬಸ್ಸಲ್ಲಿ ರೂಲ್ಸು ಒಂದೇ ಕಣಮ್ಮ. ಸೊಪ್ಪು ಬಾಡಬಾರದು."

ಆ ಹೆಂಗಸರಿಗೆಲ್ಲ ಹಿರಿಯಳು ಕೆಂಪಮ್ಮ. ಎತ್ತರದ ಆಳು, ಅಗಲ ಕುಂಕುಮ, ಬಾಯಲ್ಲಿ ಸದಾ ಎಲೆಅಡಿಕೆ. ಬಾಗಿಲ ಹಿಂದಿನ ಸೀಟು ಅವಳದೇ, ಬೇರೆ ಯಾರೂ ಕೂರುತ್ತಿರಲಿಲ್ಲ. ಅವಳ ಪಕ್ಕದಲ್ಲಿ ಸೊಸೆ ರತ್ನ. ತೆಳ್ಳಗಿನ, ಮಾತು ಕಡಿಮೆಯ ಹುಡುಗಿ. ಹೆಚ್ಚು ಕಡಿಮೆ ನನ್ನದೇ ವಯಸ್ಸು. ಮನೆಯಲ್ಲಿ ಒಂದು ವರ್ಷದ ಹೆಣ್ಣುಮಗುವನ್ನು ಗಂಡನ ಕೈಗೆ ಬಿಟ್ಟು ಬರುತ್ತಿದ್ದಳು. ಬಸ್ಸು ಇಲವಾಲ ದಾಟುವವರೆಗೂ ಕಿಟಕಿಯಲ್ಲಿ ಹಿಂದಕ್ಕೇ ನೋಡುತ್ತಿದ್ದಳು.

ನನಗೆ ಕೂಗಲು ಬರುತ್ತಿರಲಿಲ್ಲ. 'ರೈಟ್' ಎನ್ನಬೇಕಾದ ಕಡೆ ನಾಚಿಕೆಯಾಗಿ ಗಂಟಲಲ್ಲೇ ನಿಲ್ಲುತ್ತಿತ್ತು. ಒಂದು ದಿನ ಕೆಂಪಮ್ಮ ತಡೆಯಲಾರದೆ ಹೇಳಿಯೇಬಿಟ್ಟಳು: "ಇದ್ಯಾಕವ್ವ ಕೋಳಿಮರಿಯಂಗೆ ಕುಂಯ್ ಅಂತೀಯ? ಗಂಟ್ಲಿಂದ ಕೂಗ್ಬ್ಯಾಡ, ಒಟ್ಟೆಯಿಂದ ಕೂಗು. ಇಂಗೆ." ಎಂದವಳೇ ಕೂತಲ್ಲಿಂದಲೇ, "ಸೊಪ್ಪೋ... ಸಬ್ಸಿಗೆ, ದಂಟು, ಮೆಂತ್ಯ ಸೊಪ್ಪೋ..." ಎಂದು ಒಂದು ಕೂಗು ಹಾಕಿದಳು. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಕಾಲೇಜು ಹುಡುಗ ಬೆಚ್ಚಿ ಪುಸ್ತಕ ಬೀಳಿಸಿಕೊಂಡ. ಬಸ್ಸಿಗೆ ಬಸ್ಸೇ ನಕ್ಕಿತು. ಆಮೇಲೆ ನನಗೂ ನಾಚಿಕೆ ಬಿಟ್ಟಿತು.

ರಜೆಯ ದಿನವೊಂದರಲ್ಲಿ ನಾನು ಅಮ್ಮನಿಗೆ ಹೂ ತರುವ ನೆಪದಲ್ಲಿ ಮಾರ್ಕೆಟ್ಟಿಗೆ ಹೋದೆ. ಕೆಂಪಮ್ಮನನ್ನು ಅವಳ ಜಾಗದಲ್ಲಿ ನೋಡುವ ಆಸೆ. ಕುಂಕುಮ ಅರಿಸಿನದ ರಾಶಿಗಳನ್ನು ದಾಟಿ, ಮಲ್ಲಿಗೆಯ ಸಾಲು ಮುಗಿದ ಕಡೆ ಒಂದು ಕಲ್ಲುಕಂಬ. ಕಂಬಕ್ಕೆ ಬೆನ್ನು ಕೊಟ್ಟು ಅವಳು. ಸುತ್ತ ಅರ್ಧಚಂದ್ರದಂತೆ ಜೋಡಿಸಿದ ಸೊಪ್ಪು, ಒಂದೊಂದಕ್ಕೂ ಒಂದೊಂದು ಹಸಿರು. ಬಸ್ಸಿನಲ್ಲಿ ಬರೀ ಕೆಂಪಮ್ಮನಾಗಿದ್ದವಳು ಅಲ್ಲಿ ಬೇರೆಯೇ ಆಗಿದ್ದಳು. ಬಂದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುವಳು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಸಬ್ಬಸಿಗೆ ಬೇಕು, ಯಾವ ಮೇಷ್ಟ್ರು ದಂಟು ತಿನ್ನುವುದಿಲ್ಲ, ಎಲ್ಲ ಬಾಯಲ್ಲಿ. ಪಕ್ಕದಲ್ಲಿ ಬಾಳೆಹಣ್ಣಿನ ಗೌಸ್ ಸಾಬರು. ಇಬ್ಬರಿಗೂ ಅರ್ಧ ದಿನ ಜಗಳ, ಅರ್ಧ ದಿನ ಕಾಫಿ.

"ನಮ್ಮತ್ತೆ ಕುಂತಿದ್ದ ಜಾಗ ಕಣವ್ವ ಇದು," ಎಂದು ಕಂಬವನ್ನು ತಟ್ಟಿ ತೋರಿಸಿದಳು. "ಮದ್ವೆಯಾಗಿ ಬಂದ ಎಂಟ್ನೇ ದಿನಕ್ಕೆ ನನ್ನ ತಂದು ಇಲ್ಲಿ ಕುಂಡ್ರುಸ್ಬುಟ್ಟಳು. ಆಗ ಜನ ನೋಡಿದ್ರೇ ಅಳು ಬರೋದು. ಈಗ ಒಂದಿನ ಇಲ್ಲಿಗೆ ಬರ್ಲಿಲ್ಲ ಅಂದ್ರೆ ಅಳು ಬತ್ತದೆ. ನನ್ನ ನಂತ್ರ ರತ್ನನ್ದು."

ರತ್ನ ಪಕ್ಕದಲ್ಲಿ ಕೊತ್ತಂಬರಿ ಕಟ್ಟು ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

ಆಷಾಢ ಬಂತು. ಆ ತಿಂಗಳ ಶುಕ್ರವಾರಗಳಂದು ಮೈಸೂರಿನ ಒಳ್ಳೆಯ ಬಸ್ಸುಗಳೆಲ್ಲ ಚಾಮುಂಡಿ ಬೆಟ್ಟ ಹತ್ತುತ್ತವೆ. ಉಳಿದ ರೂಟುಗಳಿಗೆ ಮೂಲೆಯಲ್ಲಿ ನಿಂತಿದ್ದ ಹಳೆಯ ಗಾಡಿಗಳು. ಒಂದು ಶುಕ್ರವಾರ ನಮಗೆ ಸಿಕ್ಕ ಬಸ್ಸನ್ನು ನೋಡಿಯೇ ನಂಜುಂಡಣ್ಣ ಕೈಮುಗಿದರು. "ತಾಯಿ, ನಿನ್ನ ಬೆಟ್ಟಕ್ಕೆ ಒಳ್ಳೇ ಬಸ್ಸು ಇಟ್ಕೊಂಡು ಇದನ್ನ ನಮಗೆ ಕೊಟ್ಟಿದೀಯ. ನೀನೇ ದಬ್ಬಬೇಕು."

ಜಿನುಗು ಮಳೆ, ತಣ್ಣನೆ ಗಾಳಿ. ಹಬ್ಬದ ದಿನದ ವ್ಯಾಪಾರವೆಂದು ಹೆಂಗಸರು ಎಂದಿಗಿಂತ ಹೆಚ್ಚು ಹೇರಿಕೊಂಡಿದ್ದರು. ಇಲವಾಲ ದಾಟಿ ಸ್ವಲ್ಪ ದೂರ ಬಂದಿದ್ದೆವು. ರಸ್ತೆಯ ಪಕ್ಕ ಆಗ ಆಗಷ್ಟೇ ಎದ್ದ ಬಡಾವಣೆಯೊಂದಿತ್ತು. ಬಣ್ಣ ಬಳಿಯದ ಮನೆಗಳು, ನಡುನಡುವೆ ಕಳೆ ಬೆಳೆದ ಖಾಲಿ ಸೈಟುಗಳು. ಅದರ ಎದುರಿನ ದೊಡ್ಡ ಆಲದ ಮರದ ಬಳಿ ಬಂದಾಗ ಬಸ್ಸು ಒಮ್ಮೆ ನಡುಗಿ ನಿಂತಿತು. ನಂಜುಂಡಣ್ಣ ಇಳಿದು ಮುಂದಿನ ಮುಚ್ಚಳ ತೆಗೆದರು, ಹೊಗೆ ಬಂತು, ಮುಚ್ಚಳ ಹಾಕಿದರು. "ಡಿಪೊದಿಂದ ಮೆಕ್ಯಾನಿಕ್ ಬರಬೇಕು. ಇವತ್ತು ಅವರೂ ಬೆಟ್ಟದಲ್ಲೇ ಇರ್ತಾರೆ."

ಹಿಂದಿನಿಂದ ಬಂದ ಬಸ್ಸು ತುಂಬಿ ತುಳುಕುತ್ತಿತ್ತು. ಕಾಲೇಜು ಹುಡುಗರು, ಫ್ಯಾಕ್ಟರಿಗೆ ಹೋಗುವವರು ಹೇಗೋ ನೇತುಬಿದ್ದರು. ಮಂಕರಿಗಳಿಗೆ ಯಾರು ಜಾಗ ಕೊಡುತ್ತಾರೆ? ಕೆಂಪಮ್ಮ ರಸ್ತೆಯ ನಡುವೆ ನಿಂತು ಹಾಲಿನ ವ್ಯಾನೊಂದನ್ನು ತಡೆದಳು. ಅದರಲ್ಲಿ ಒಬ್ಬರಿಗೆ, ಒಂದು ಮಂಕರಿಗೆ ಮಾತ್ರ ಜಾಗವಿತ್ತು.

"ಸುಕ್ರವಾರ ನನ್ನ ಜಾಗ ಖಾಲಿ ಬುಟ್ರೆ ಬ್ಯಾರೆಯೋರು ಬಂದು ಕುಂತ್ಕತಾರೆ. ನೀನು ಬಸ್ಸು ರೆಡಿಯಾಗುತ್ಲೂ ಬಂದ್ಬುಡು" ಎಂದು ರತ್ನನಿಗೆ ಹೇಳಿ ಹತ್ತಿ ಹೋದಳು.

ಉಳಿದವರು ಮಂಕರಿಗಳನ್ನಿಳಿಸಿ ಆಲದ ಬುಡದಲ್ಲಿ ಇಟ್ಟುಕೊಂಡು ಕೂತರು. ನಾನೂ ಅವರ ಜೊತೆ. ಗಂಟೆ ಕಳೆದರೂ ಮೆಕ್ಯಾನಿಕ್ ಇಲ್ಲ. ಸೊಪ್ಪಿನ ಮೇಲೆ ಹೊದಿಸಿದ ಗೋಣಿತಾಟು ತೆಗೆದು ರತ್ನ ಮತ್ತೆ ಮತ್ತೆ ಒಳಗೆ ಕೈಯಿಟ್ಟು ನೋಡುತ್ತಿದ್ದಳು. ಒತ್ತಿಟ್ಟ ಸೊಪ್ಪು ಒಳಗೊಳಗೇ ಬಿಸಿಯಾಗುತ್ತದೆ. ಆಗ ಸ್ವೆಟರ್ ಹಾಕಿಕೊಂಡು ಛತ್ರಿ ಹಿಡಿದ ಒಬ್ಬ ಹಿರಿಯ ಹೆಂಗಸು ರಸ್ತೆ ದಾಟಿ ಬಂದರು. ಸುಬ್ಬಲಕ್ಷ್ಮಮ್ಮ ಎಂದು ಅವರ ಹೆಸರು ಆಮೇಲೆ ತಿಳಿಯಿತು.

"ಈ ಸೊಪ್ಪು ಕೊಡ್ತೀರೇನಮ್ಮಾ? ಇಲ್ಲಿ ನಮಗೆ ಒಂದು ಕರಿಬೇವಿನ ಎಸಳು ಬೇಕಂದ್ರೂ ಊರೊಳಗೇ ಹೋಗಬೇಕು ಕಣ್ರೀ."

ಹೆಂಗಸರು ಮುಖ ಮುಖ ನೋಡಿಕೊಂಡರು. ಮಾರ್ಕೆಟ್ಟಿಗೆ ಹೊರಟ ಸೊಪ್ಪನ್ನು ದಾರಿಯಲ್ಲಿ ಬಿಚ್ಚುವುದು ಅವರಿಗೆ ಅಪಶಕುನದಂತೆ. ರತ್ನ ಒಂದು ಕ್ಷಣ ಯೋಚಿಸಿದಳು. ಆಮೇಲೆ ಮಂಕರಿಯ ಗಂಟು ಬಿಚ್ಚಿದಳು.

ಸುಬ್ಬಲಕ್ಷ್ಮಮ್ಮ ಹೋಗಿ ಪಕ್ಕದ ಮನೆಯವರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ. ಛತ್ರಿಗಳು ಒಂದೊಂದಾಗಿ ರಸ್ತೆ ದಾಟಿ ಬಂದವು. ಮೆಕ್ಯಾನಿಕ್ ಬಂದು ಬಸ್ಸು ಸರಿಮಾಡುವ ಹೊತ್ತಿಗೆ ಮರದ ಕೆಳಗೆ ಉಳಿದಿದ್ದು ಖಾಲಿ ಮಂಕರಿ ಮತ್ತು ಉದುರಿದ ಎಲೆ ಮಾತ್ರ. ರತ್ನ ಮೈಸೂರಿಗೆ ಬರಲೇ ಇಲ್ಲ. ಎದುರು ದಿಕ್ಕಿನ ಬಸ್ಸು ಹತ್ತಿ ಊರಿಗೆ ಹೊರಟಳು. ಹತ್ತುವ ಮುಂಚೆ ನನ್ನ ಕೈ ಹಿಡಿದು, "ಅಕ್ಕ, ಪಾಪು ಎದ್ದು ಅಳೋ ಹೊತ್ತಿಗೆ ಮನೇಲಿರ್ತೀನಿ ಇವತ್ತು" ಎಂದಳು. ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಬಸ್ಸು ಆಲದ ಮರದ ಹತ್ತಿರ ಬರುತ್ತಿದ್ದ ಹಾಗೆ ರತ್ನ ಎದ್ದು ನಿಂತಳು. "ಇಲ್ಲಿ ಇಳ್ಸಿ ಅಕ್ಕ."

ಅದು ಸ್ಟಾಪಲ್ಲ. ನಾನು ನಂಜುಂಡಣ್ಣನ ಕಡೆ ನೋಡಿದೆ. ಅವರು ಕನ್ನಡಿಯಲ್ಲಿ ನೋಡಿ ಬ್ರೇಕು ಒತ್ತಿದರು. ರತ್ನ ತನ್ನ ಮಂಕರಿ ಇಳಿಸಿಕೊಂಡಳು.

ಕೆಂಪಮ್ಮ ಕೂತಲ್ಲಿಂದ ಏಳಲಿಲ್ಲ. "ಎಲ್ಲಿಗೆ ವೊಯ್ತೀಯ?"

"ಇಲ್ಲೇ ಮಾರಿ ಮನೆಗೆ ಹೋಗ್ತೀನಿ ಕಣತ್ತೆ. ಪಾಪು ಒಂದೇ ಸಮ ಅಳ್ತದೆ."

"ರಸ್ತೆ ಮ್ಯಾಲೆ ಕುಂತ್ಕತೀಯ? ನಮ್ಮ ಜಾಗ ಬುಟ್ಟು, ಯಾವನೋ ನೆಟ್ಟಿದ್ ಮರದ ಕೆಳ್ಗೆ?" ಕೆಂಪಮ್ಮನ ದನಿ ಏರಲಿಲ್ಲ. ಅದೇ ಹೆದರಿಕೆ ಹುಟ್ಟಿಸುವಂತಿತ್ತು. "ವೋಗು. ಇನ್ನ ನಾನು ನಿನ್ನ ಮಾತಾಡ್ಸಕಿಲ್ಲ."

ಆಡಿದ ಮಾತಿನಂತೆ ನಡೆದಳು. ಶ್ರಾವಣ ಕಳೆದು ಗೌರಿ ಹಬ್ಬ ಬಂತು, ದಸರಾ ಬಂದು ಹೋಯಿತು. ಅತ್ತೆ ಸೊಸೆ ಒಂದೇ ಮನೆಯಿಂದ ಹೊರಟು ಒಂದೇ ಬಸ್ಸು ಹತ್ತಿ ಬೇರೆ ಬೇರೆ ಸೀಟಿನಲ್ಲಿ ಕೂರುತ್ತಿದ್ದರು. ನಡುವೆ ನಾನು.

"ಕಂಡಕ್ಟ್ರವ್ವ, ಅವ್ಳಿಗೆ ಯೋಳು, ಸೊಪ್ಪಿಗೆ ನೀರು ಜಾಸ್ತಿ ಚಿಮುಕ್ಸವ್ಳೆ, ಮದ್ಯಾನಕ್ಕೆ ಕೊಳೀತದೆ ಅಂತ."

"ಅಕ್ಕ, ಅವರಿಗೆ ಹೇಳಿ, ಮಧ್ಯಾಹ್ನದ ತನಕ ಇಲ್ಲಿ ಉಳಿಯಲ್ಲ ಅಂತ."

"ಯೋಳು, ಮಗೀಗೆ ಕೆಮ್ಮು ಅದೆ, ತುಳಸಿ ರಸ ಕುಡ್ಸಲಿ ಅಂತ."

"ಹೇಳಿ ಅಕ್ಕ, ಆಗ್ಲೇ ಕುಡಿಸಿದೀನಿ ಅಂತ."

ಒಮ್ಮೆ ನನಗೆ ರೇಗಿತು. "ಇಬ್ಬರೂ ಎರಡು ಮೊಳ ದೂರದಲ್ಲಿ ಕೂತಿದೀರಿ. ಮನೇಲಿ ಯಾರು ಹೇಳ್ತಾರೆ ನಿಮ್ಮ ಮಾತನ್ನ?"

ರತ್ನ ಟಿಕೆಟ್ ತೆಗೆದುಕೊಳ್ಳುತ್ತ ಹೇಳಿದಳು: "ಮನೇಲಿ ಅವರ ಮಗ ಅವ್ರೆ. ಬಸ್ಸಲ್ಲಿ ನೀವಿದೀರಿ."

ಮೊದಲು ರತ್ನ ಒಬ್ಬಳೇ ಇಳಿಯುತ್ತಿದ್ದಳು. ಆಮೇಲೆ ಜಯಮ್ಮ ಇಳಿದಳು, ಅವಳ ನಾದಿನಿ ಇಳಿದಳು. ಬೆಳಿಗ್ಗೆ ಬೇಗ ಮುಗಿದು ಮನೆ ಸೇರಬಹುದು, ಮಂಡಿಯವರ ಗದರಿಕೆ ಇಲ್ಲ, ಕೊಳ್ಳುವವರು ಗೌರವದಿಂದ ಮಾತಾಡುತ್ತಾರೆ ಎಂಬ ಸುದ್ದಿ ಕೊಪ್ಪಲಿನಲ್ಲಿ ಹಬ್ಬಿತು. ಅವರೆಕಾಯಿ ಬರುವ ಹೊತ್ತಿಗೆ ಆಲದ ಮರದ ಬಳಿ ಬಸ್ಸು ನಿಂತರೆ ಒಳಗೆ ಅರ್ಧ ಜಾಗ ಖಾಲಿಯಾಗುತ್ತಿತ್ತು. ನಾನೂ ಅಭ್ಯಾಸಬಲದಿಂದ "ಆಲದ ಮರ, ಯಾರ್ರೀ ಆಲದ ಮರ" ಎಂದು ಕೂಗತೊಡಗಿದ್ದೆ. ಯಾರೂ ಕೊಡದೆಯೇ ಅದು ಸ್ಟಾಪಾಯಿತು.

ಅಲ್ಲಿಂದ ಮಾರ್ಕೆಟ್ಟಿನವರೆಗೆ ಟಾಪಿನ ಮೇಲೆ ಒಂದೇ ಒಂದು ಮಂಕರಿ ಉಳಿಯುತ್ತಿತ್ತು. ಟಿಕೆಟ್ ಮುಗಿಸಿ ನಾನು ಹೋಗಿ ಕೆಂಪಮ್ಮನ ಪಕ್ಕ ಕೂರುತ್ತಿದ್ದೆ. ಮೊದಲಿನಂತೆ ಅವಳು ಮಾತಾಡುತ್ತಿರಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ ಒಂದು ದಿನ ತಾನಾಗಿಯೇ ಅಂದಳು: "ಅವ್ಳು ಮಾಡಿದ್ ತಪ್ಪು ಅಂತಲ್ಲ ಕಣ್ ಮಗ. ಕೂಸು ಬುಟ್ಟು ಬರೋ ಸಂಕ್ಟ ನಂಗೊತ್ತಿಲ್ವ? ನನ್ನ ಮಗ ಶಿವಣ್ಣನ್ನ ನಾನೂ ತೊಟ್ಲಲ್ಲಿ ಬುಟ್ಟು ಬತ್ತಿದ್ದೆ. ಎದೆ ಕಟ್ಕಂಡು ರವಿಕೆ ಒದ್ದೆಯಾಗೋದು ಮಾರ್ಕೆಟ್ಟಲ್ಲಿ. ಆದ್ರೂ ಬತ್ತಿದ್ದೆ. ಈಗ ಅವ್ಳು ಇಳ್ಕಂಡ್ ವೋದ್ರೆ, ನಾನು ಪಟ್ಟಿದ್ದೆಲ್ಲ ಏನಕ್ಕಾಯ್ತು ಯೋಳು?"

ಅವಳು ಕಿಟಕಿಯಾಚೆ ಉಗಿದು ಸೆರಗಿನಿಂದ ಬಾಯೊರೆಸಿಕೊಂಡಳು.

ಸಂಕ್ರಾಂತಿಗೆ ಮುಂಚಿನ ಒಂದು ಬೆಳಿಗ್ಗೆ. ಮಂಜು ದಟ್ಟವಾಗಿತ್ತು. ಆಲದ ಮರದ ಹತ್ತಿರ ನಿಲ್ಲಿಸಿದರೆ ಅಲ್ಲಾಗಲೇ ಒಂದು ವ್ಯಾನು ನಿಂತಿದೆ. ಹಿಂದಿನ ಊರುಗಳಿಂದ ಟೆಂಪೊದಲ್ಲಿ ಮುಂಚೆಯೇ ಬಂದು ಕೂತಿದ್ದವರ ಮಂಕರಿಗಳನ್ನು ಕೆಲವರು ಎತ್ತಿ ಅದಕ್ಕೆ ಹಾಕುತ್ತಿದ್ದಾರೆ. ರಸ್ತೆಗೆ ಅಡ್ಡವಾಗುತ್ತದೆ, ಇಲ್ಲಿ ಕೂರುವ ಹಾಗಿಲ್ಲ ಎಂದು ಕಚೇರಿಯಿಂದ ಹುಕುಂ ಬಂದಿತ್ತಂತೆ. ನಮ್ಮ ಬಸ್ಸಿನಿಂದ ಇಳಿದ ರತ್ನ ತನ್ನ ಮಂಕರಿ ಅಪ್ಪಿಕೊಂಡು ನಿಂತಳು. ಒಬ್ಬ ಬಂದು ಅದಕ್ಕೂ ಕೈ ಹಾಕಿದ. ಅವಳು ಬಿಡಲಿಲ್ಲ. ಎಳೆದಾಟದಲ್ಲಿ ಅವರೆಕಾಯಿ ಡಾಂಬರಿನ ಮೇಲೆ ಚೆಲ್ಲಿತು.

"ನಂಜುಂಡ, ಬಸ್ಸು ನಿಲ್ಸಿರು" ಎಂದು ಕೆಂಪಮ್ಮ ಎದ್ದಳು.

ಅವಳು ಜಗಳಕ್ಕೆ ಹೋಗುತ್ತಾಳೆಂದು ನಾನು ಹೆದರಿದೆ. ಅವಳು ವ್ಯಾನಿನ ಕಡೆ ತಿರುಗಿಯೂ ನೋಡಲಿಲ್ಲ. ತನ್ನ ಮಂಕರಿಯನ್ನು ಟಾಪಿನಿಂದ ಇಳಿಸಿಕೊಂಡಳು, ಸೆರಗು ಸುತ್ತಿ ಸಿಂಬೆ ಮಾಡಿ ತಲೆಯ ಮೇಲಿಟ್ಟಳು, ನೆಟ್ಟಗೆ ಬಡಾವಣೆಯ ಒಳಕ್ಕೆ ನಡೆದಳು. ಮಂಜಿನಲ್ಲಿ ಅವಳು ಕಾಣದಾದಳು. ಕೂಗು ಮಾತ್ರ ಕೇಳಿಸಿತು. ಸಬ್ಸಿಗೆ, ದಂಟು, ಅವರೇಕಾಯಿ. ಒಂದು ಬೀದಿಯಿಂದ ಇನ್ನೊಂದು ಬೀದಿಗೆ. ನಡುವೆ, "ನಿಮ್ಮ ಸೊಪ್ಪಿನೋರ್ನ ಎತ್ತಾಕ್ತಾವ್ರೆ, ಬನ್ರವ್ವೋ!"

ಬಸ್ಸಿನಲ್ಲಿದ್ದವರು ಗಡಿಯಾರ ನೋಡತೊಡಗಿದರು. ನಂಜುಂಡಣ್ಣ ಇಳಿದುಹೋಗಿ ಮುಂದಿನ ಮುಚ್ಚಳ ತೆಗೆದು, ಏನೋ ಕೆಟ್ಟಿದೆ ಎಂಬಂತೆ ತಲೆ ಒಳಗೆ ತೂರಿಸಿ ನಿಂತರು. ನನ್ನ ಕಡೆ ತಿರುಗಿ ಒಂದು ಕಣ್ಣು ಮಿಟುಕಿಸಿದರು.

ಬಾಗಿಲುಗಳು ತೆರೆದುಕೊಂಡವು. ನೈಟಿಯ ಮೇಲೆ ಟವೆಲ್ ಹೊದ್ದವರು, ಅರ್ಧ ರಂಗೋಲಿ ಬಿಟ್ಟು ಬಂದವರು, ಸ್ಕೂಲಿಗೆ ಜಡೆ ಹಾಕಿಸಿಕೊಳ್ಳುತ್ತಿದ್ದ ಮಗಳನ್ನು ಹಾಗೇ ಎಳೆದುಕೊಂಡು ಬಂದವರು. ಮುಂದೆ ಸುಬ್ಬಲಕ್ಷ್ಮಮ್ಮ. ವ್ಯಾನಿನ ಜೊತೆ ಬಂದಿದ್ದ ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ. ಇಷ್ಟು ಜನ ಹೆಂಗಸರನ್ನು ನೋಡಿ ಅವರಿಗೇ ಮುಜುಗರವಾಯಿತು.

"ರಸ್ತೆ ಮೇಲೆ ಬೇಡ ಅಷ್ಟೇ ಕಣ್ರೀ ನಾವು ಹೇಳ್ತಿರೋದು. ನಾಳೆ ಒಂದು ಲಾರಿ ನುಗ್ಗಿದ್ರೆ ಯಾರು ಹೊಣೆ?"

"ಸರಿ, ಒಳಗೆ ಬರಲಿ" ಎಂದರು ಸುಬ್ಬಲಕ್ಷ್ಮಮ್ಮ. "ಪಾರ್ಕಿಗೆ ಅಂತ ಬಿಟ್ಟಿರೋ ಸೈಟಲ್ಲಿ ಹಾವು ಹರಿದಾಡ್ತಿವೆ. ಇವರು ಕೂತ್ರೆ ಅದಾದ್ರೂ ಚೊಕ್ಕಟ ಆಗುತ್ತೆ. ಬೇಕಾದ್ರೆ ನಾವೆಲ್ಲ ಬಂದು ನಿಮ್ಮ ಕಚೇರೀಲಿ ಹೇಳ್ತೀವಿ. ಈಗ ಆ ಮಂಕರಿ ಇಳಿಸಿ."

ಅಧಿಕಾರಿ ಇಳಿಸಿ ಎಂದು ಕೈಸನ್ನೆ ಮಾಡಿದರು. ಹೆಂಗಸರು ತಾವೇ ಏರಿ ಇಳಿಸಿಕೊಂಡರು.

ಕೆಂಪಮ್ಮ ಬೀದಿಯಿಂದ ವಾಪಸು ಬಂದಾಗ ಅವಳ ಮಂಕರಿ ಅರ್ಧ ಖಾಲಿಯಾಗಿತ್ತು. ಕೂಗುತ್ತ ಹೋದಲ್ಲೆಲ್ಲ ಮಾರಿಕೊಂಡೇ ಬಂದಿದ್ದಳು. ರತ್ನ ರಸ್ತೆಯಲ್ಲಿ ಬಾಗಿ ಅವರೆಕಾಯಿ ಆರಿಸುತ್ತಿದ್ದಳು. ಕೆಂಪಮ್ಮ ಮಂಕರಿ ಇಳಿಸಿ, ಅವಳೂ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಆರಿಸತೊಡಗಿದಳು. ಆಮೇಲೆ ಕೆಂಪಮ್ಮ ನನ್ನನ್ನು ಕರೆಯದೆ, ನೇರವಾಗಿ ರತ್ನನಿಗೇ ಹೇಳಿದಳು:

"ಕೈಯೇನಾದ್ರೂ ತರಚ್ತಾ?"

"ಇಲ್ಲ ಕಣತ್ತೆ."

"ತೋರ್ಸು."

ರತ್ನ ಕೈ ಚಾಚಿದಳು. ತರಚಿತ್ತು. ಕೆಂಪಮ್ಮ ಎಲೆಅಡಿಕೆ ಚೀಲದಿಂದ ಅರಿಸಿನ ತೆಗೆದು ಒತ್ತಿದಳು. ರತ್ನನ ಕಣ್ಣಲ್ಲಿ ನೀರು ಬಂದಿದ್ದು ಉರಿಗೋ ಬೇರೆಯದಕ್ಕೋ ನನಗೆ ತಿಳಿಯದು.

"ಇವತ್ತು ಇಲ್ಲೇ ಕುಂತ್ಕೊಳ್ಳಿ ಅತ್ತೆ. ನಿಮ್ಮ ಮಂಕ್ರೀಲಿ ಇನ್ನೇನು ಉಳಿದದೆ."

"ಉಳಿದಿರದ ಮಾರಕ್ಕಲ್ಲ ಕಣೇ ನಾನು ವೋಗೋದು," ಎಂದು ಕೆಂಪಮ್ಮ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡಳು. "ಅಲ್ಲಿ ಆ ಸಾಬ್ರು ಕಾಪಿ ಕುಡೀದೆ ಕಾಯ್ತಾ ಇರ್ತಾರೆ. ನಿನ್ನ ಜಾಗ ನಿಂಗೆ, ನನ್ನ ಜಾಗ ನಂಗೆ. ಎತ್ತು."

ರತ್ನ ಮಂಕರಿಯನ್ನು ಎತ್ತಿ ಅತ್ತೆಯ ತಲೆಗಿಟ್ಟಳು. ನಂಜುಂಡಣ್ಣ ಮುಚ್ಚಳ ಹಾಕಿ ಬಂದು ಸ್ಟೀರಿಂಗ್ ಹಿಡಿದರು. ನಾನು ಹೊಟ್ಟೆಯಿಂದ ಕೂಗಿದೆ: "ರೈಟ್!"

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ನನಗೆ ಸಿಟಿಯೊಳಗಿನ ರೂಟಿಗೆ ವರ್ಗವಾಯಿತು. ಆಮೇಲೆ ಮದುವೆ, ಮಕ್ಕಳು, ಮಂಡಿನೋವು, ಈಗ ಡಿಪೊ ಕಚೇರಿಯಲ್ಲಿ ಕುರ್ಚಿಯ ಕೆಲಸ. ಹುಣಸೂರು ರಸ್ತೆ ಅಗಲವಾದಾಗ ಆಲದ ಮರ ಹೋಯಿತೆಂದು ಪತ್ರಿಕೆಯಲ್ಲಿ ನೋಡಿದ್ದೆ. ಆ ಕಡೆ ಹೋಗಲು ಕಾರಣ ಸಿಕ್ಕಿರಲಿಲ್ಲ.

"ಎಷ್ಟು ಕಟ್ಟು ಆಂಟಿ?" ಎಂದು ಮೇಜಿನ ಹಿಂದಿನ ಹುಡುಗಿ ಕೇಳುತ್ತಿದ್ದಳು. ಬಹುಶಃ ಎರಡನೆಯ ಸಲ.

"ಯಾವೂರಮ್ಮಾ ನಿಂದು?" ಎಂದೆ.

ಅವಳು ಕೊಪ್ಪಲಿನ ಹೆಸರು ಹೇಳಿದಳು. ನಾನು ಸುತ್ತ ನೋಡಿದೆ. ತಗಡಿನ ಚಾವಣಿ, ಪಕ್ಕದಲ್ಲಿ ಕಬ್ಬಿಣದ ಬೇಲಿಯ ಪಾರ್ಕು, ರಸ್ತೆಯ ಆಚೆ ಆಲದ ಮರವಿಲ್ಲದ ಬಯಲು ಆಕಾಶ. ತಂಗಿ ಮನೆ ಕಟ್ಟಿಸಿದ್ದು ಯಾವ ಬಡಾವಣೆಯಲ್ಲೆಂದು ನನಗೆ ಆಗ ತಿಳಿಯಿತು.

"ರತ್ನ ಅಂತ ಒಬ್ಬರು..." ಎನ್ನುವಷ್ಟರಲ್ಲಿ ಹುಡುಗಿ ಹಿಂದಕ್ಕೆ ತಿರುಗಿ, "ಅಮ್ಮಾ, ಯಾರೋ ನಿನ್ನ ಕೇಳ್ತವ್ರೆ" ಎಂದಳು.

ಚಾವಣಿಯ ಹಿಂದೆ ನಿಂತಿದ್ದ ಗೂಡ್ಸ್ ಆಟೊದಿಂದ ರತ್ನ ಇಳಿದು ಬಂದಳು. ಮೈ ತುಂಬಿಕೊಂಡಿದ್ದಳು, ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಒಂದು ಗಳಿಗೆ ನಿಂತಳು. "ಕಂಡಕ್ಟ್ರಕ್ಕ!" ಎಂದು ಅವಳು ಕೂಗಿದ ರಭಸಕ್ಕೆ ಆ ಮೌನದ ಸಂತೆಯಲ್ಲಿ ಎಲ್ಲರೂ ತಿರುಗಿ ನೋಡಿದರು.

ಅಕ್ಕಿರೊಟ್ಟಿ ಯಾರಿಗೋ ಆಯಿತು, ಯಾರಿಗೋ ಇಲ್ಲ. ಸೊಪ್ಪನ್ನು ತಂಗಿಯ ಮನೆಗೆ ಕೊಟ್ಟು ಬಂದು, ಸಂತೆ ಮುಗಿಯುವವರೆಗೂ ಅಲ್ಲೇ ಕೂತೆ. ಅಂದು ಅಳುತ್ತಿದ್ದ ಪಾಪುವೇ ಈ ಹುಡುಗಿ. ಬಿ.ಕಾಂ ಮುಗಿಸಿ ಬಡಾವಣೆಯವರ ಆರ್ಡರುಗಳನ್ನು ಫೋನಿನಲ್ಲೇ ತೆಗೆದುಕೊಳ್ಳುತ್ತಾಳೆ. "ಇಲ್ಲಿ ಅರ್ಧಕ್ಕರ್ಧ ಜನ ಬೆಳ್ಯೋರಲ್ಲ ಅಕ್ಕ," ಎಂದು ರತ್ನ ದನಿ ತಗ್ಗಿಸಿದಳು. "ದೊಡ್ಡ ಮಾರ್ಕೆಟ್ಟಿಂದ ತಂದು ಇಲ್ಲಿ ಮಾರ್ತಾರೆ. ಬ್ಯಾನರು ಮಾತ್ರ ರೈತರದ್ದು."

ತಿಂಡಿಯ ಕ್ಯಾರಿಯರ್ ಬಿಚ್ಚುತ್ತ ಕೆಂಪಮ್ಮನ ಕಥೆ ಹೇಳಿದಳು. ಕಾಲು ನಡೆಯುವವರೆಗೂ ಅವಳು ಮಾರ್ಕೆಟ್ಟಿಗೆ ಹೋಗುವುದನ್ನು ಬಿಡಲಿಲ್ಲವಂತೆ. ಆಮೇಲೆ ಮನೆಯ ಜಗಲಿ ಹಿಡಿದಳು. ತನ್ನ ಜಾಗ ಯಾರೋ ತಿಂದುಬಿಟ್ಟಿರುತ್ತಾರೆಂದು ದಿನವೂ ಅದೇ ಕೊರಗು. ಒಂದು ಆಷಾಢ ಶುಕ್ರವಾರ ತಡೆಯಲಾರದೆ ರತ್ನ ಅವಳನ್ನು ಆಟೊದಲ್ಲಿ ಕೂರಿಸಿಕೊಂಡು, ಒಂದು ಮಂಕರಿ ಸೊಪ್ಪನ್ನೂ ಇಟ್ಟುಕೊಂಡು ಹೋದಳು. "ಹೋಗಿ ನೋಡ್ತೀವಿ, ಕಂಬದ ಹತ್ರ ಗೌಸ್ ಸಾಬರು ಖಾಲಿ ಹಣ್ಣಿನ ಪೆಟ್ಟಿಗೆ ಜೋಡ್ಸಿಟ್ಟವ್ರೆ. ಎರಡು ವರ್ಷದಿಂದ ದಿನಾ ಹಂಗೇ ಇಡ್ತಿದ್ರಂತೆ, ಯಾರೂ ಕೂರದೆ ಇರ್ಲಿ ಅಂತ. ಅತ್ತೆ ನೋಡಿ, 'ಏನ್ರೀ ಸಾಬ್ರೆ, ನನ್ನ ಜಾಗದಲ್ಲಿ ಕಸ ಹಾಕಿದೀರ' ಅಂತ ಬಯ್ದ್ರು. ಅವ್ರು ಪೆಟ್ಟಿಗೆ ತೆಗುದ್ರು. ಅತ್ತೆ ಮಧ್ಯಾಹ್ನದ ತನಕ ಕುಂತಿದ್ರು. ಒಂದು ಕಟ್ಟೂ ಮಾರ್ಲಿಲ್ಲ ಅಕ್ಕ. ಬಂದ್ ಬಂದೋರಿಗೆಲ್ಲ ಕೊಟ್ಬುಟ್ರು." ಆ ಚಳಿಗಾಲದಲ್ಲಿ ಕೆಂಪಮ್ಮ ಹೋಗಿಬಿಟ್ಟಳಂತೆ.

ಸಂತೆ ಮುಗಿಯಿತು. "ಊಟಕ್ಕೆ ಮನೆಗೇ ಬನ್ನಿ" ಎಂದು ರತ್ನ ಬಿಡದೆ ಕರೆದಳು. ಗೂಡ್ಸ್ ಆಟೊದ ಮುಂದೆ ಇಬ್ಬರೂ ಒತ್ತಿಕೊಂಡು ಕೂತೆವು, ಅವಳ ಮಗಳೇ ಓಡಿಸಿದಳು. ದಾರಿಯುದ್ದಕ್ಕೂ ನಾನು ನೋಡಿದ್ದ ಹೊಲಗಳಿಗೆ ಕಲ್ಲು ನೆಟ್ಟು, ನಂಬರು ಬರೆದು, ಕಮಾನು ಕಟ್ಟಿದ್ದಾರೆ. ಕೊಪ್ಪಲಿನ ಹಿಂದೆ, ಎರಡು ಕಡೆ ಎತ್ತರದ ಕಾಂಪೌಂಡು ಗೋಡೆಗಳ ನಡುವೆ, ರತ್ನನ ತುಂಡು ನೆಲ. ಗೋಡೆಯ ನೆರಳು ಬೀಳದ ಕಡೆಯೆಲ್ಲ ಹಸಿರು.

ಊಟವಾದ ಮೇಲೆ ಬದುವಿನ ಮೇಲೆ ನಡೆಯುತ್ತ ಹೋದೆವು. ಗೋಡೆಯಾಚೆ ಕಾಂಕ್ರೀಟು ಕಲಸುವ ಯಂತ್ರದ ಸದ್ದು.

"ಈ ನೆಲಾನೂ ಮಾರಿ ಅಂತ ಕೇಳ್ತಿರಬೇಕಲ್ಲ ರತ್ನ?" ಎಂದೆ. "ಇನ್ನೆಷ್ಟು ದಿನ ಬೆಳೀತೀಯ?"

"ಕೇಳ್ತಾರೆ, ಕೇಳ್ದೆ ಏನು. ಕಾರಲ್ಲಿ ಬಂದು ಕೇಳ್ತಾರೆ" ಎಂದು ಅವಳು ನಕ್ಕಳು. ನಾನು ಆ ಗೋಡೆಯನ್ನೇ ನೋಡುತ್ತ ಬದುವಿನಿಂದ ಒಂದು ಹೆಜ್ಜೆ ಕೆಳಗಿಟ್ಟೆ. ರತ್ನ ತಟ್ಟನೆ ನನ್ನ ರಟ್ಟೆ ಹಿಡಿದಳು.

"ಕಾಲು ಅತ್ಲಾಗಿಡಿ ಅಕ್ಕ. ಅಲ್ಲಿ ನೆನ್ನೆ ಮೆಂತ್ಯ ಬಿತ್ತಿವ್ನಿ."